ಇಂಗ್ಲೆಂಡಿನಲ್ಲಿ ಕಾಡು ಮತ್ತು ನದಿ ಎರಡೂ ಸಿಗುವ ಎರಡು ದಿನಗಳ ಗ್ರಾವೆಲ್ ಸೈಕಲ್ ಮಾರ್ಗ ಯಾವುದು?

ಪ್ರಶ್ನೆ: ರೀಡಿಂಗ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ಕೆಲವು ವರ್ಷಗಳಿಂದ ರೀಡಿಂಗ್‌ನಲ್ಲಿದ್ದೇನೆ. ಇಲ್ಲಿಯವರೆಗೆ ಡಾಂಬರು ರಸ್ತೆಯಲ್ಲಿ ಮಾತ್ರ ಸೈಕಲ್ ತುಳಿಯುತ್ತಿದ್ದವಳು, ಬರ್ಕ್‌ಷೈರಿನ ಕಿರುರಸ್ತೆಗಳಲ್ಲಿಯೂ ಕಾರುಗಳ ಧಾವಂತ ಹೆಚ್ಚಾಗಿರುವುದರಿಂದ ಈ ಚಳಿಗಾಲದಲ್ಲಿ ಜಲ್ಲಿ, ಮಣ್ಣಿನ ಹಾದಿಗಳಲ್ಲಿಯೂ ಓಡುವ, 40 ಮಿಲಿಮೀಟರ್ ಟೈರುಗಳ ಒಂದು ಗ್ರಾವೆಲ್ ಬೈಕ್ ಕೊಂಡಿದ್ದೇನೆ. ಮೇ ತಿಂಗಳಿನಲ್ಲಿ ನಾನು ಮತ್ತು ನನ್ನ ತಮ್ಮ ಎರಡು ದಿನಗಳ ಪ್ರವಾಸ ಹೋಗಬೇಕೆಂದಿದ್ದೇವೆ. ದಿನಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸು ಸಾಕು. ವೇಗದ ಆಸೆ ನಮಗಿಬ್ಬರಿಗೂ ಇಲ್ಲ. ದಾರಿ ಹಳೆಯ ಕಾಡಿನ ಒಳಗೆ ಹಾದುಹೋಗಬೇಕು, ಸ್ವಲ್ಪ ಹೊತ್ತಾದರೂ ನದಿಯ ಪಕ್ಕದಲ್ಲಿ ಸಾಗಬೇಕು, ಆರಂಭ ಮತ್ತು ಅಂತ್ಯ ಎರಡೂ ರೈಲು ನಿಲ್ದಾಣದ ಬಳಿ ಇರಬೇಕು.

ನನಗೆ ಮುಖ್ಯವಾಗಿ ಎರಡು ಗೊಂದಲಗಳಿವೆ. ಮೊದಲನೆಯದು ಸ್ಥಳದ ಆಯ್ಕೆ. ವೇಲ್ಸ್ ಗಡಿಯ ಬಳಿಯ ಡೀನ್ ಕಾಡು ಮತ್ತು ವೈ ನದಿಯ ಕಣಿವೆಯನ್ನು ಹಲವರು ಹೊಗಳುತ್ತಾರೆ, ಆದರೆ ಅಲ್ಲಿನ ಏರುಗಳ ಬಗ್ಗೆ ಎಚ್ಚರಿಸುವವರೂ ಇದ್ದಾರೆ. ಎರಡನೆಯದು ದಾರಿಯ ಹಕ್ಕಿನ ವಿಚಾರ. ಫೋನಿನ ಆ್ಯಪ್ ತೋರಿಸಿದ ಥೇಮ್ಸ್ ದಂಡೆಯ ಒಂದು ಹಾದಿಯಲ್ಲಿ ಹೋಗುತ್ತಿದ್ದಾಗ, ನಾಯಿಯೊಡನೆ ನಡೆದು ಬರುತ್ತಿದ್ದ ಹಿರಿಯರೊಬ್ಬರು ಇದು ಸೈಕಲ್ಲಿಗೆ ಇರುವ ದಾರಿಯಲ್ಲ ಎಂದು ಮೆಲ್ಲಗೆ, ಆದರೆ ದೃಢವಾಗಿ ಹೇಳಿದರು. ಆ್ಯಪ್ ಒಂದು ಹೇಳಿ ಸ್ಥಳೀಯರು ಇನ್ನೊಂದು ಹೇಳಿದರೆ ಯಾರನ್ನು ನಂಬಬೇಕು? ಅನುಭವವುಳ್ಳವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಗ್ಲಾಸ್ಟರ್‌ಷೈರಿನಿಂದ

ನಿಮ್ಮ ಅಗತ್ಯಗಳನ್ನು ಓದಿದರೆ ಡೀನ್ ಕಾಡು ಮತ್ತು ವೈ ಕಣಿವೆಯೇ ಸರಿಯಾದ ಆಯ್ಕೆ ಎಂದು ನನಗೆ ತೋರುತ್ತದೆ. ಏರುಗಳು ಇರುವುದು ನಿಜ. ಆದರೆ ಅವು ಎಲ್ಲಿವೆ, ಏಕಿವೆ ಎಂದು ತಿಳಿದುಕೊಂಡು ಮಾರ್ಗ ಹಾಕಿದರೆ ಅವುಗಳಲ್ಲಿ ಬಹುಪಾಲನ್ನು ತಪ್ಪಿಸಬಹುದು.

ಡೀನ್ ಕಾಡಿನ ನೆಲ ಭೂವಿಜ್ಞಾನದ ದೃಷ್ಟಿಯಿಂದ ಒಂದು ಬೋಗುಣಿ. ಅಂಚಿನಲ್ಲಿ ಸುಣ್ಣಕಲ್ಲು, ಅದಕ್ಕಂಟಿಕೊಂಡು ಕಬ್ಬಿಣದ ಅದಿರು, ನಡುವೆ ಕಲ್ಲಿದ್ದಲಿನ ಪದರಗಳು. ಹೊರಗಿನಿಂದ ಒಳಗೆ ಬರುವವರು ಈ ಅಂಚನ್ನು ಹತ್ತಿಯೇ ಬರಬೇಕು. ಒಮ್ಮೆ ಒಳಗೆ ಬಂದ ಮೇಲೆ ಏರಿಳಿತ ಸೌಮ್ಯವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗಣಿಗಳಿಂದ ಕಲ್ಲಿದ್ದಲು ಸಾಗಿಸಲು ಈ ಬೋಗುಣಿಯೊಳಗೆ ಸೆವರ್ನ್ ಅಂಡ್ ವೈ ರೈಲ್ವೆಯ ಕವಲುಗಳು ಹಬ್ಬಿದ್ದವು. ಕೊನೆಯ ದೊಡ್ಡ ಗಣಿಯಾದ ನಾರ್ದರ್ನ್ ಯುನೈಟೆಡ್ 1965ರ ಡಿಸೆಂಬರಿನಲ್ಲಿ ಮುಚ್ಚಿತು. ಹಳಿಗಳನ್ನು ಕಿತ್ತ ಮೇಲೆ ಉಳಿದ ದಿಬ್ಬಗಳ ಮೇಲೆಯೇ ಇಂದಿನ ಸೈಕಲ್ ದಾರಿ ಹಾಕಲಾಗಿದೆ. ಉಗಿಬಂಡಿ ಕಡಿದಾದ ಏರನ್ನು ಹತ್ತಲಾರದ ಕಾರಣ ಈ ದಾರಿಗಳಲ್ಲಿ ನಿಮ್ಮ ಮಂಡಿಗೂ ಕಷ್ಟವಿಲ್ಲ. ಉಳಿದ ಅರಣ್ಯ ರಸ್ತೆಗಳು ಮರ ಸಾಗಿಸುವ ಲಾರಿಗಳಿಗಾಗಿ ಜಲ್ಲಿ ಹಾಕಿ ಗಟ್ಟಿಮಾಡಿದವು. ಮಳೆ ಬಂದ ಮರುದಿನವೇ ಅವುಗಳ ಮೇಲೆ ಸವಾರಿ ಮಾಡಬಹುದು ಎಂಬುದು ಇಂಗ್ಲೆಂಡಿನಲ್ಲಿ ಸಣ್ಣ ಮಾತಲ್ಲ.

ನಾನು ಸೂಚಿಸುವ ಮಾರ್ಗ ಹೀಗಿದೆ. ರೀಡಿಂಗ್‌ನಿಂದ ಗ್ಲಾಸ್ಟರಿಗೆ, ಅಲ್ಲಿಂದ ಕಾರ್ಡಿಫ್ ಕಡೆಗೆ ಹೋಗುವ ರೈಲಿನಲ್ಲಿ ಲಿಡ್ನಿಗೆ ಬನ್ನಿ. ಲಿಡ್ನಿಯಿಂದ ವೈಟ್‌ಕ್ರಾಫ್ಟ್ ಮೂಲಕ ಪಾರ್ಕೆಂಡ್‌ವರೆಗೆ ಡಾಂಬರು ರಸ್ತೆ. ಇಡೀ ದಿನದಲ್ಲಿ ವಾಹನಗಳ ಸಹವಾಸ ಹೆಚ್ಚಾಗಿರುವುದು ಇಲ್ಲಿಯೇ, ಆದ್ದರಿಂದ ಬೆಳಿಗ್ಗೆ ಬೇಗ ಮುಗಿಸಿಕೊಳ್ಳಿ. ಪಾರ್ಕೆಂಡ್‌ನಿಂದ ಜಲ್ಲಿ ಹಾದಿ ಹಿಡಿದು ಉತ್ತರಕ್ಕೆ ಹೋದರೆ ಕ್ಯಾನಪ್ ಕೆರೆಗಳು ಬರುತ್ತವೆ. ನೋಡಿದವರು ಇವನ್ನು ಕಾಡಿನ ಸಹಜ ಸರೋವರಗಳೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಪಾರ್ಕೆಂಡ್‌ನ ಕಬ್ಬಿಣದ ಕಾರ್ಖಾನೆಗೆ ನೀರು ಒದಗಿಸಲು 1820ರ ದಶಕದಲ್ಲಿ ಕಟ್ಟಿದ ಕೆರೆಗಳಿವು. ಮ್ಯಾಂಡರಿನ್ ಬಾತುಗಳು ಇಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತವೆ. ಇಲ್ಲಿಂದ ಸುಮಾರು 17 ಕಿಲೋಮೀಟರಿನ ಕುಟುಂಬ ಸೈಕಲ್ ಹಾದಿಯ ಸುತ್ತನ್ನು ಪೂರ್ತಿ ಹಾಕಿ. ಮಧ್ಯದಲ್ಲಿ ನ್ಯೂ ಫ್ಯಾನ್ಸಿ ಎಂಬ ಹಳೆಯ ಗಣಿಯ ತ್ಯಾಜ್ಯದ ಗುಡ್ಡವಿದೆ, ಅದರ ನೆತ್ತಿಯಿಂದ ಇಡೀ ಕಾಡಿನ ಮೇಲ್ಛಾವಣಿ ಕಾಣುತ್ತದೆ. ಸ್ಪೀಚ್ ಹೌಸ್ ಎಂಬ ಹದಿನೇಳನೆಯ ಶತಮಾನದ ಕಟ್ಟಡವೂ ಹತ್ತಿರದಲ್ಲಿಯೇ ಇದೆ. ಅದು ಈಗ ಹೋಟೆಲಾಗಿದ್ದರೂ ಕಾಡಿನ ಹಳೆಯ ಕಾನೂನನ್ನು ನೋಡಿಕೊಳ್ಳುವ ವರ್ಡರರ್‌ಗಳ ಸಭೆ ಅಲ್ಲಿಯೇ ಸೇರುವ ರೂಢಿ.

ಮಧ್ಯಾಹ್ನದ ನಂತರ ಕ್ಯಾನಪ್‌ನಿಂದ ಕ್ರೈಸ್ಟ್‌ಚರ್ಚ್ ದಿಕ್ಕಿಗೆ ಅರಣ್ಯ ರಸ್ತೆಗಳಲ್ಲಿ ಏರಿ ಸೈಮಂಡ್ಸ್ ಯಾಟ್ ಬಂಡೆಯನ್ನು ತಲುಪಿ. ಬೋಗುಣಿಯ ಅಂಚು ಇದೇ. ಕೆಳಗೆ ವೈ ನದಿ ಹಂಟ್ಶಮ್ ಗುಡ್ಡವನ್ನು ಬಳಸಿ ಹಲವು ಕಿಲೋಮೀಟರ್ ಸುತ್ತಿ, ಮತ್ತೆ ಅದೇ ಬಂಡೆಯ ಇನ್ನೊಂದು ಬದಿಗೆ ಬರುತ್ತದೆ. ಎದುರಿನ ಕೋಲ್ಡ್‌ವೆಲ್ ಬಂಡೆಗಳಲ್ಲಿ ಪೆರೆಗ್ರಿನ್ ಫಾಲ್ಕನ್ ಎಂಬ ಬೇಟೆ ಹಕ್ಕಿಗಳು ಗೂಡು ಕಟ್ಟುತ್ತವೆ. ವಸಂತದಲ್ಲಿ ಪಕ್ಷಿಪ್ರಿಯರು ದುರ್ಬೀನುಗಳನ್ನು ನೆಟ್ಟು ನಿಂತಿರುತ್ತಾರೆ; ಕೇಳಿದರೆ ನಿಮಗೂ ನೋಡಲು ಬಿಡುತ್ತಾರೆ. ಬಂಡೆಯಿಂದ ನದಿಗೆ ಇಳಿಯುವ ರಸ್ತೆ ಕಿರಿದಾಗಿದೆ, ಬಹಳ ಕಡಿದಾಗಿದೆ; ಬ್ರೇಕ್ ಪ್ಯಾಡುಗಳನ್ನು ಮೊದಲೇ ಪರೀಕ್ಷಿಸಿಕೊಳ್ಳಿ.

ಸೈಮಂಡ್ಸ್ ಯಾಟ್ ಈಸ್ಟ್‌ನಿಂದ ಮನ್ಮತ್‌ವರೆಗಿನ ಪೆರೆಗ್ರಿನ್ ಹಾದಿಯೇ ನೀವು ಕೇಳಿದ ನದಿದಂಡೆಯ ದಾರಿ. 1873ರಲ್ಲಿ ತೆರೆದು 1959ರಲ್ಲಿ ಪ್ರಯಾಣಿಕರ ಸೇವೆ ನಿಂತ ರಾಸ್ ಮತ್ತು ಮನ್ಮತ್ ನಡುವಿನ ರೈಲುಮಾರ್ಗದ ಜಾಡು ಇದು. ಎಡಕ್ಕೆ ಓಕ್, ಬೀಚ್ ಮತ್ತು ನಿಂಬೆಜಾತಿಗೆ ಸಂಬಂಧವಿಲ್ಲದ ಲೈಮ್ ಮರಗಳ ಕಡಿದಾದ ಕಾಡು, ಬಲಕ್ಕೆ ಕೆಲವೇ ಮೀಟರ್ ದೂರದಲ್ಲಿ ನೀರು. ನಡುವೆ ಬಿಬ್ಲಿನ್ಸ್ ಎಂಬಲ್ಲಿ 1957ರಲ್ಲಿ ಕಟ್ಟಿದ ತೂಗುಸೇತುವೆ ಇದೆ. ನಿಮ್ಮ ದಾರಿಗೆ ಅದನ್ನು ದಾಟುವ ಅಗತ್ಯವಿಲ್ಲ, ಆದರೂ ಸೈಕಲ್ಲುಗಳನ್ನು ದಡದಲ್ಲಿಟ್ಟು ಒಮ್ಮೆ ಅದರ ಮೇಲೆ ನಡೆದು ಬನ್ನಿ. ಹ್ಯಾಡ್ನಾಕ್ ತಲುಪುವ ಹೊತ್ತಿಗೆ ವೇಲ್ಸ್ ಬಂದಿರುತ್ತದೆ. ಮನ್ಮತ್‌ನಲ್ಲಿ ತಂಗಿ, ಅಲ್ಲಿ ಮಾನೋ ನದಿಯ ಮೇಲಿರುವ ಸೇತುವೆಯ ಮಧ್ಯದಲ್ಲಿಯೇ ಕೋಟೆಬಾಗಿಲು ನಿಂತಿದೆ, ಬ್ರಿಟನ್ನಿನಲ್ಲಿ ಈ ಬಗೆಯ ಮಧ್ಯಯುಗದ ಸೇತುವೆ ಬೇರೆ ಉಳಿದಿಲ್ಲ.

ಎರಡನೆಯ ದಿನ ಮನ್ಮತ್‌ನಿಂದ ರೆಡ್‌ಬ್ರೂಕ್, ಅಲ್ಲಿಂದ ನ್ಯೂಲೆಂಡ್, ಕ್ಲಿಯರ್‌ವೆಲ್, ಸೇಂಟ್ ಬ್ರೇವೆಲ್ಸ್, ಬ್ರಾಕ್‌ವಿಯರ್, ಟಿಂಟರ್ನ್, ಕೊನೆಗೆ ಚೆಪ್‌ಸ್ಟೋ ನಿಲ್ದಾಣ. ದೂರ ಕಡಿಮೆ, ಶ್ರಮ ಹೆಚ್ಚು. ರೆಡ್‌ಬ್ರೂಕ್‌ನಿಂದ ನ್ಯೂಲೆಂಡ್‌ವರೆಗಿನ ಏರಿನಲ್ಲಿ ಇಳಿದು ತಳ್ಳಿದರೂ ಅವಮಾನವಿಲ್ಲ. ಸೇಂಟ್ ಬ್ರೇವೆಲ್ಸ್‌ನ ಕೋಟೆಯಲ್ಲಿ ಹದಿಮೂರನೆಯ ಶತಮಾನದಲ್ಲಿ ಡೀನ್ ಕಾಡಿನ ಕಬ್ಬಿಣದಿಂದ ಅಡ್ಡಬಿಲ್ಲಿನ ಬಾಣಗಳನ್ನು ರಾಜನ ಸೈನ್ಯಕ್ಕಾಗಿ ತಯಾರಿಸುತ್ತಿದ್ದರು. ಬ್ರಾಕ್‌ವಿಯರಿಗೆ ಇಳಿದ ಮೇಲೆ ನದಿಯ ಸ್ವಭಾವವೇ ಬೇರೆ. ಸಮುದ್ರದ ಉಬ್ಬರ ಅದಕ್ಕೂ ಮೇಲಿನ ಬಿಗ್ಸ್‌ವಿಯರ್ ಸೇತುವೆಯವರೆಗೆ ಬರುತ್ತದೆ. ಇಳಿತದ ಹೊತ್ತಿನಲ್ಲಿ ಹೋದರೆ ನೀರಿಗಿಂತ ಕಂದು ಕೆಸರಿನ ದಂಡೆಯೇ ಹೆಚ್ಚು ಕಾಣುತ್ತದೆ.

ಉತ್ತರ: ಬ್ರಿಸ್ಟಲ್‌ನಿಂದ

ಮೇಲಿನ ಉತ್ತರದ ಮೊದಲ ದಿನದ ಬಗ್ಗೆ ನನ್ನ ತಕರಾರಿಲ್ಲ. ಎರಡನೆಯ ದಿನದ ಬಗ್ಗೆ ಹೇಳಬೇಕಾದದ್ದಿದೆ, ಆದರೆ ಅದಕ್ಕೆ ಮೊದಲು ದಾರಿಯ ಹಕ್ಕಿನ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಆ ದಿನ ಹಾಗಿರುವುದಕ್ಕೂ ಈ ಪ್ರಶ್ನೆಗೂ ನೇರ ಸಂಬಂಧವಿದೆ.

ನಿಮಗೆ ಥೇಮ್ಸ್ ದಂಡೆಯಲ್ಲಿ ಸಿಕ್ಕ ಹಿರಿಯರು ಹೇಳಿದ್ದು ಬಹುಮಟ್ಟಿಗೆ ಸರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾರ್ವಜನಿಕ ಹಕ್ಕಿನ ದಾರಿಗಳು ನಾಲ್ಕು ವರ್ಗದವು. ಫುಟ್‌ಪಾತ್ ಎಂಬ ವರ್ಗ ನಡೆಯುವವರಿಗೆ ಮಾತ್ರ. ಇಲ್ಲಿ ಈ ಪದಕ್ಕೆ ನಮ್ಮ ಊರುಗಳಲ್ಲಿರುವಂತೆ ರಸ್ತೆಬದಿಯ ಪಾದಚಾರಿ ಕಟ್ಟೆ ಎಂಬ ಅರ್ಥವಿಲ್ಲ, ಹೊಲದ ನಡುವೆ ಹೋಗುವ ಕಾಲುದಾರಿಯೂ ಫುಟ್‌ಪಾತೇ. ಬ್ರೈಡಲ್‌ವೇ ಎಂಬುದು ನಡೆಯುವವರಿಗೆ ಮತ್ತು ಕುದುರೆ ಸವಾರರಿಗೆ ಇದ್ದ ದಾರಿ. 1968ರ ಗ್ರಾಮಾಂತರ ಕಾಯಿದೆ ಅದರ ಮೇಲೆ ಸೈಕಲ್ಲಿಗೂ ಹಕ್ಕು ಕೊಟ್ಟಿತು, ಆದರೆ ನಡೆಯುವವರಿಗೂ ಕುದುರೆಗಳಿಗೂ ಸೈಕಲ್ ಸವಾರರು ದಾರಿ ಬಿಡಬೇಕೆಂಬ ಷರತ್ತಿನೊಡನೆ. ರಿಸ್ಟ್ರಿಕ್ಟೆಡ್ ಬೈವೇಗಳಲ್ಲಿ ಮೋಟಾರು ವಾಹನ ಬಿಟ್ಟು ಉಳಿದೆಲ್ಲಕ್ಕೂ, ಬೈವೇಗಳಲ್ಲಿ ಎಲ್ಲ ವಾಹನಗಳಿಗೂ ಅವಕಾಶವಿದೆ. ಕಂಬಗಳ ಮೇಲಿನ ಬಾಣದ ಗುರುತಿನ ಬಣ್ಣ ನೋಡಿದರೆ ಸ್ಥಳದಲ್ಲಿಯೇ ತಿಳಿಯುತ್ತದೆ: ಹಳದಿ ಇದ್ದರೆ ಇಳಿದು ತಳ್ಳಿ ಅಥವಾ ಬೇರೆ ದಾರಿ ಹುಡುಕಿ, ನೀಲಿ, ನೇರಳೆ ಅಥವಾ ಕೆಂಪು ಇದ್ದರೆ ಮುಂದುವರಿಯಿರಿ. ಈ ದೇಶದ ಹಕ್ಕಿನ ದಾರಿಗಳ ಒಟ್ಟು ಉದ್ದದಲ್ಲಿ ಸೈಕಲ್ಲಿಗೆ ತೆರೆದಿರುವುದು ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು.

ಆ್ಯಪ್‌ಗಳು ಎಡವುವುದು ಇಲ್ಲಿಯೇ. ಅವುಗಳಿಗೆ ದಾರಿಯ ಅಗಲ ಮತ್ತು ಮೇಲ್ಮೈ ತಿಳಿದಿರುತ್ತದೆ, ಇತರ ಸವಾರರು ಹೋದ ಜಾಡೂ ತಿಳಿದಿರುತ್ತದೆ, ಆದರೆ ಕಾನೂನಿನ ಸ್ಥಿತಿ ಎಷ್ಟೋ ಸಲ ತಿಳಿದಿರುವುದಿಲ್ಲ. ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಸರಣಿಯ ಓಎಲ್ 14 ನಕ್ಷೆ ಡೀನ್ ಕಾಡು ಮತ್ತು ವೈ ಕಣಿವೆ ಎರಡನ್ನೂ 1:25,000 ಪ್ರಮಾಣದಲ್ಲಿ ತೋರಿಸುತ್ತದೆ. ಅದರಲ್ಲಿ ಹಸಿರು ಬಣ್ಣದ ಚಿಕ್ಕ ಗೆರೆಗಳ ಸಾಲು ಫುಟ್‌ಪಾತ್, ಉದ್ದ ಗೆರೆಗಳ ಸಾಲು ಬ್ರೈಡಲ್‌ವೇ. ಆ್ಯಪ್‌ನಲ್ಲಿ ಮಾರ್ಗ ರಚಿಸಿ, ಈ ನಕ್ಷೆಯೊಡನೆ ಹೋಲಿಸಿ ತಿದ್ದಿಕೊಳ್ಳುವುದು ನನ್ನ ರೂಢಿ. ಫುಟ್‌ಪಾತಿನಲ್ಲಿ ಸೈಕಲ್ ಹೊಡೆಯುವುದು ಸಾಮಾನ್ಯವಾಗಿ ಅಪರಾಧವಲ್ಲ, ಭೂಮಾಲೀಕನ ವಿರುದ್ಧದ ಅತಿಕ್ರಮಣ ಮಾತ್ರ ಎಂದು ವಾದಿಸುವವರಿದ್ದಾರೆ. ಕಾನೂನಿನ ಮಾತಾಗಿ ಅದು ಸರಿಯಿರಬಹುದು, ಆದರೆ ಕಿರಿದಾದ ಹಾದಿಯಲ್ಲಿ ಎದುರಾಗುವ ವೃದ್ಧರ ಮುಂದೆ ಆ ವಾದ ಹೂಡಲು ನನಗಂತೂ ಮನಸ್ಸಾಗದು. ಇನ್ನು ಅರಣ್ಯ ರಸ್ತೆಗಳು ಈ ನಾಲ್ಕು ವರ್ಗಗಳಿಗೆ ಸೇರಿಲ್ಲದಿದ್ದರೂ ಸರ್ಕಾರಿ ಕಾಡುಗಳನ್ನು ನೋಡಿಕೊಳ್ಳುವ ಫಾರೆಸ್ಟ್ರಿ ಇಂಗ್ಲೆಂಡ್ ಅವುಗಳ ಮೇಲೆ ಸೈಕಲ್ಲಿಗೆ ಅನುಮತಿ ಕೊಟ್ಟಿದೆ. ಅನುಮತಿ ಎಂದರೆ ಹಿಂತೆಗೆದುಕೊಳ್ಳಬಹುದಾದದ್ದು. ಮರ ಕಡಿಯುವ ಕಾಲದಲ್ಲಿ ದಾರಿ ಮುಚ್ಚಿರುವ ಫಲಕ ಕಂಡರೆ ವಾರಾಂತ್ಯವಾದರೂ ಒಳಗೆ ಹೋಗಬೇಡಿ.

ಈಗ ಎರಡನೆಯ ದಿನ. ಮನ್ಮತ್‌ನ ಕೆಳಗೆ ವೈ ನದಿಯ ದಂಡೆಯಲ್ಲಿ ಸುಂದರವಾದ ಹಾದಿ ಇದೆ, ಆದರೆ ಅದರಲ್ಲಿ ಬಹುಭಾಗ ಫುಟ್‌ಪಾತ್. ಎಡದಂಡೆಯ ಎತ್ತರದಲ್ಲಿ ಆಫ಼ಾಸ್ ಡೈಕ್ ಎಂಬ ದೂರದ ನಡಿಗೆಯ ಹಾದಿ ಹೋಗುತ್ತದೆ, ಅದೂ ಹೆಚ್ಚಾಗಿ ಹಾಗೆಯೇ. ಹೀಗಾಗಿ ಸೈಕಲ್ಲಿನವರು ನದಿಯನ್ನು ಬಿಟ್ಟು ಗುಡ್ಡ ಹತ್ತಬೇಕಾಗಿ ಬರುತ್ತದೆ. ಜಲ್ಲಿ ಹಾದಿಯ ಆಸೆಯಿಂದ ಬಂದವರಿಗೆ ಆ ದಿನ ಡಾಂಬರಿನ ಕಡಿದಾದ ಕಿರುರಸ್ತೆಗಳೇ ಹೆಚ್ಚು ಸಿಗುತ್ತವೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಕೊನೆಯ ಎಂಟು ಕಿಲೋಮೀಟರುಗಳು ಈ ಕೊರತೆಯನ್ನು ತುಂಬುತ್ತವೆ. 1876ರಲ್ಲಿ ತೆರೆದ ವೈ ವ್ಯಾಲಿ ರೈಲುಮಾರ್ಗದ ಜಾಡಿನಲ್ಲಿ ಟಿಂಟರ್ನ್‌ನಿಂದ ಚೆಪ್‌ಸ್ಟೋ ಪಕ್ಕದ ಸೆಡ್ಬರಿಯವರೆಗೆ 2021ರಲ್ಲಿ ವೈ ವ್ಯಾಲಿ ಗ್ರೀನ್‌ವೇ ತೆರೆಯಿತು. ಟಿಂಟರ್ನ್‌ನ ಹಳೆಯ ತಂತಿ ಕಾರ್ಖಾನೆಯ ಸೇತುವೆಯ ಮೇಲೆ ನದಿ ದಾಟಿ ಮತ್ತೆ ಇಂಗ್ಲೆಂಡಿಗೆ ಬಂದರೆ, ಕಾಡಿನ ನಡುವೆ ಸಾಗಿ, ಒಂದು ಕಿಲೋಮೀಟರಿಗಿಂತ ಉದ್ದದ ಟಿಡೆನ್ಹಮ್ ಸುರಂಗದೊಳಗೆ ಹೋಗುತ್ತೀರಿ. ಸುರಂಗದಲ್ಲಿ ಹಾರ್ಸ್‌ಶೂ ಬಾವಲಿಗಳು ಚಳಿಗಾಲ ಕಳೆಯುವುದರಿಂದ ಅಕ್ಟೋಬರ್ ಆರಂಭದಿಂದ ಮಾರ್ಚ್ ಕೊನೆಯವರೆಗೆ ಅದು ಮುಚ್ಚಿರುತ್ತದೆ. ಮೇ ತಿಂಗಳಿನಲ್ಲಿಯೂ ಹಗಲಿನ ನಿಗದಿತ ಹೊತ್ತಿನಲ್ಲಿ ಮಾತ್ರ ತೆರೆದಿರುತ್ತದೆ. ಆ ವೇಳೆಯನ್ನು ಹೊರಡುವ ಮುನ್ನ ನೋಡಿಕೊಳ್ಳಿ. ಒಳಗಿನ ಬೆಳಕು ಬಾವಲಿಗಳಿಗೆ ತೊಂದರೆಯಾಗದಂತೆ ಬಹಳ ಮಂದವಾಗಿದೆ, ನಿಮ್ಮದೇ ದೀಪ ಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬಾಣಗಳ ಬಣ್ಣದ ವಿವರ ನನ್ನ ಅರ್ಧ ಗೊಂದಲವನ್ನು ಕಳೆಯಿತು. ಇನ್ನೂ ಮೂರು ಸಂಗತಿಗಳನ್ನು ಕೇಳುತ್ತೇನೆ, ದಯವಿಟ್ಟು ಬೇಸರಿಸಬೇಡಿ. ಡೀನ್ ಕಾಡಿನಲ್ಲಿ ಕಾಡುಹಂದಿಗಳಿವೆ ಎಂದು ನನ್ನ ತಮ್ಮ ಎಲ್ಲಿಯೋ ಓದಿದ್ದಾನೆ, ಅದರಿಂದ ಅಪಾಯವಿದೆಯೇ? ನಾವಿಬ್ಬರೂ ಸಸ್ಯಾಹಾರಿಗಳು, ದಾರಿಯಲ್ಲಿ ಊಟ ಸಿಗುತ್ತದೆಯೇ? ಮತ್ತು, ಮೇ ತಿಂಗಳಿನವರೆಗೆ ಕಾಯುವುದಕ್ಕೆ ಮೊದಲು ಹೊಸ ಸೈಕಲ್ಲನ್ನು ಪರೀಕ್ಷಿಸಲು ರೀಡಿಂಗ್‌ಗೆ ಹತ್ತಿರದಲ್ಲಿ ಇದೇ ಬಗೆಯ, ಆದರೆ ಸಮತಟ್ಟಾದ ಮಾರ್ಗ ಯಾವುದಾದರೂ ಇದೆಯೇ?

ಉತ್ತರ: ನ್ಯೂಬರಿಯಿಂದ

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅದು ನನ್ನ ಮನೆಯ ದಾರಿ. ರೀಡಿಂಗ್‌ನಿಂದ ನ್ಯೂಬರಿ ಮಾರ್ಗವಾಗಿ ಬೆಡ್ವಿನ್‌ಗೆ ರೈಲಿದೆ. ನಿಲ್ದಾಣದಿಂದ ಇಳಿದರೆ ಪಕ್ಕದಲ್ಲಿಯೇ ಕೆನೆಟ್ ಅಂಡ್ ಏವನ್ ಕಾಲುವೆ. ಸಹಜ ನದಿಯಲ್ಲವಾದರೂ, 1810ರಲ್ಲಿ ಪೂರ್ಣಗೊಂಡ ಈ ಜಲಮಾರ್ಗ ಇಂದು ನದಿಯಷ್ಟೇ ಹಸಿರಾಗಿದೆ. ಹಿಂದೆ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ದಂಡೆಯ ಹಾದಿಯಲ್ಲಿ ಪಶ್ಚಿಮಕ್ಕೆ ಸ್ವಲ್ಪ ಹೋದರೆ ಕ್ರಾಫ್ಟನ್ ಪಂಪ್ ಮನೆ ಸಿಗುತ್ತದೆ. ಅಲ್ಲಿರುವ 1812ರ ಬೋಲ್ಟನ್ ಅಂಡ್ ವಾಟ್ ಉಗಿಯಂತ್ರ ತಾನು ಸ್ಥಾಪನೆಯಾದ ಜಾಗದಲ್ಲಿಯೇ ಇಂದಿಗೂ ಕೆಲಸ ಮಾಡಬಲ್ಲದು. ಅದನ್ನು ಉಗಿಯಲ್ಲಿ ಓಡಿಸುವ ದಿನಗಳು ಕೆಲವೇ, ಸಿಕ್ಕರೆ ಅದೃಷ್ಟ.

ಅಲ್ಲಿಂದ ಸಣ್ಣ ರಸ್ತೆಗಳಲ್ಲಿ ಉತ್ತರಕ್ಕೆ ತಿರುಗಿದರೆ ಸ್ಯಾವರ್ನೇಕ್ ಕಾಡು. ಇದು ಖಾಸಗಿ ಒಡೆತನದ ಪ್ರಾಚೀನ ಕಾಡು, ಆದರೆ ವರ್ಷದಲ್ಲಿ ಒಂದು ದಿನ ಬಿಟ್ಟು ಉಳಿದ ದಿನ ಸಾರ್ವಜನಿಕರಿಗೆ ಪ್ರವೇಶವಿದೆ. ಆ ಒಂದು ದಿನ ಮುಚ್ಚುವುದೂ ಒಡೆತನದ ಹಕ್ಕು ಸವೆದುಹೋಗಬಾರದೆಂದು. ಹಕ್ಕಿನ ದಾರಿಯ ವಿಷಯದಲ್ಲಿ ಈ ದೇಶ ಎಷ್ಟು ಲೆಕ್ಕಾಚಾರದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಕಾಡಿನ ನಡುವೆ ಸುಮಾರು ಆರು ಕಿಲೋಮೀಟರ್ ನೇರವಾಗಿ ಹೋಗುವ ಗ್ರ್ಯಾಂಡ್ ಅವೆನ್ಯೂ ಎಂಬ ಬೀಚ್ ಮರಗಳ ಸಾಲುದಾರಿ ಹದಿನೆಂಟನೆಯ ಶತಮಾನದ ಕೊನೆಯ ಭಾಗದ್ದು. ಅದರ ಮೇಲ್ಮೈ ಒರಟು, ಗುಂಡಿಗಳೂ ಉಂಟು, ಕಾರುಗಳೂ ನಿಧಾನವಾಗಿ ಬರಬಹುದು. ಟೈರಿನ ಗಾಳಿಯೊತ್ತಡವನ್ನು ಹೆಚ್ಚುಕಡಿಮೆ ಮಾಡಿ ನೋಡಲು ಇದಕ್ಕಿಂತ ಅನುಕೂಲದ ಜಾಗವಿಲ್ಲ. ಒಳಗಿನ ಮುದಿ ಓಕ್ ಮರಗಳಲ್ಲಿ ಹಲವಕ್ಕೆ ಹೆಸರಿದೆ. ಬಿಗ್ ಬೆಲ್ಲಿ ಓಕ್ ಎಂಬ ಹೊಟ್ಟೆಯುಬ್ಬಿದ ಮರ ಮಾತ್ರ ವಾಹನಗಳು ಭರದಿಂದ ಓಡಾಡುವ ಹೆದ್ದಾರಿಯ ಅಂಚಿನಲ್ಲಿಯೇ ಇದೆ, ಅಲ್ಲಿಗೆ ಸೈಕಲ್ಲಿನಲ್ಲಿ ಹೋಗುವ ಸಾಹಸ ಬೇಡ.

ಕೆಲವರು ನಿಮಗೆ ನ್ಯೂ ಫಾರೆಸ್ಟ್ ಸೂಚಿಸಬಹುದು. ಬ್ರಾಕನ್‌ಹರ್ಸ್ಟ್ ನಿಲ್ದಾಣದಿಂದಲೇ ಜಲ್ಲಿ ಹಾದಿಗಳು ಆರಂಭವಾಗುತ್ತವೆ, ಒಟ್ಟು ನೂರು ಮೈಲಿಗೂ ಹೆಚ್ಚು ಇವೆ, ಕುದುರೆಮರಿಗಳನ್ನು ನೋಡುವ ಸಂತೋಷವೂ ಉಂಟು. ಆದರೆ ಅಲ್ಲಿ ಸಂಖ್ಯೆ ಬರೆದ ಕಂಬಗಳಿರುವ ಗೊತ್ತುಪಡಿಸಿದ ಹಾದಿಗಳನ್ನು ಬಿಟ್ಟು ಬೇರೆಡೆ ಸೈಕಲ್ ತಿರುಗಿಸುವಂತಿಲ್ಲ, ಮತ್ತು ನೀವು ಬಯಸುವಂತಹ ನದಿ ಅಲ್ಲಿಲ್ಲ.

ಉತ್ತರ: ಹೆರಿಫರ್ಡ್‌ನಿಂದ

ಟೈರು ಮತ್ತು ಋತುವಿನ ಬಗ್ಗೆ ಯಾರೂ ಇನ್ನೂ ಹೇಳಿಲ್ಲವಾದ್ದರಿಂದ ಸೇರಿಸುತ್ತೇನೆ. ನಿಮ್ಮ 40 ಮಿಲಿಮೀಟರ್ ಟೈರು ಡೀನ್ ಕಾಡಿಗೆ ಸಾಕು. ಗಾಳಿಯೊತ್ತಡ 30ರಿಂದ 40 ಪಿಎಸ್‌ಐ ನಡುವೆ ಇರಲಿ; ರಸ್ತೆ ಸೈಕಲ್ಲಿನ ಅಭ್ಯಾಸದಿಂದ 60ಕ್ಕೆ ತುಂಬಿಸಿದರೆ ಜಲ್ಲಿಯ ಪ್ರತಿಯೊಂದು ಕಲ್ಲನ್ನೂ ಮಣಿಕಟ್ಟಿನಲ್ಲಿ ಎಣಿಸಬೇಕಾಗುತ್ತದೆ. ಸಾಧ್ಯವಾದರೆ ಟ್ಯೂಬ್‌ಲೆಸ್ ಮಾಡಿಸಿಕೊಳ್ಳಿ. ಇಲ್ಲಿನ ಬೇಲಿಗಳು ಹಾಥಾರ್ನ್ ಮತ್ತು ಬ್ಲ್ಯಾಕ್‌ಥಾರ್ನ್ ಎಂಬ ಮುಳ್ಳುಗಿಡಗಳವು. ಪಕ್ಷಿಗಳು ಗೂಡು ಕಟ್ಟುವ ಕಾಲದಲ್ಲಿ ಅವನ್ನು ಕತ್ತರಿಸದೆ, ಸೆಪ್ಟೆಂಬರಿನ ನಂತರ ಯಂತ್ರದಿಂದ ಸವರುತ್ತಾರೆ, ಆಗ ಸಣ್ಣ ರಸ್ತೆಗಳ ತುಂಬ ಮುಳ್ಳು ಚೆಲ್ಲಿರುತ್ತದೆ. ಮೇ ತಿಂಗಳಿನಲ್ಲಿ ಆ ಭಯ ಕಡಿಮೆ.

ಋತುವಿನ ವಿಚಾರದಲ್ಲಿ ನೆಲದ ಗುಣ ನೋಡಬೇಕು. ನಮ್ಮ ಹೆರಿಫರ್ಡ್‌ಷೈರಿನ ಕೆಂಪು ಜೇಡಿಮಣ್ಣಿನ ಬ್ರೈಡಲ್‌ವೇಗಳು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಸೈಕಲ್ಲಿಗೆ ಯೋಗ್ಯವಲ್ಲ. ಮಣ್ಣು ಟೈರಿಗೆ ಮೆತ್ತಿಕೊಂಡು ಫೋರ್ಕಿನ ನಡುವೆ ಗಟ್ಟಿಯಾಗಿ ಚಕ್ರವೇ ನಿಲ್ಲುತ್ತದೆ. ದಕ್ಷಿಣದ ಸೀಮೆಸುಣ್ಣದ ಗುಡ್ಡಗಳಲ್ಲಿ ನೀರು ಬೇಗ ಇಂಗುತ್ತದೆ, ಆದರೆ ಒದ್ದೆಯಾದ ಸೀಮೆಸುಣ್ಣ ಸಾಬೂನಿನಂತೆ ಜಾರುತ್ತದೆ. ವಿಂಚೆಸ್ಟರ್‌ನಿಂದ ಹೊರಟು ಅಲ್ಲಿಗೇ ಮರಳುವ 350 ಕಿಲೋಮೀಟರಿನ ಕಿಂಗ್ ಆಲ್ಫ್ರೆಡ್ಸ್ ವೇ ಮಾರ್ಗವನ್ನು ಸೈಕಲ್ ಸವಾರರ ಸಂಸ್ಥೆಯಾದ ಸೈಕ್ಲಿಂಗ್ ಯುಕೆ 2020ರಲ್ಲಿ ಪ್ರಕಟಿಸಿತು. ಮುಂದೆಂದಾದರೂ ಅದಕ್ಕೆ ಹೋಗುವುದಾದರೆ ಒಣಗಿದ ವಾರವನ್ನೇ ಆರಿಸಿಕೊಳ್ಳಿ. ಡೀನ್ ಕಾಡಿನ ಅರಣ್ಯ ರಸ್ತೆಗಳಿಗೆ ಈ ಎರಡು ರೋಗಗಳೂ ಇಲ್ಲ. ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರಗಳಲ್ಲಿ ಬೀಚ್ ಮರಗಳ ಕೆಳಗೆ ಬ್ಲೂಬೆಲ್ ಹೂ ಹರಡಿರುತ್ತದೆ, ಎಲೆಗಳು ಇನ್ನೂ ಎಳೆಯದಾಗಿರುವುದರಿಂದ ಬೆಳಕು ನೆಲದವರೆಗೆ ಬರುತ್ತದೆ. ಜೂನ್ ಆದ ಮೇಲೆ ಜರೀಗಿಡ ಎದೆಯೆತ್ತರ ಬೆಳೆಯುತ್ತದೆ. ಅದರೊಳಗೆ ನಡೆದರೆ ಉಣ್ಣೆಹುಳು ಹತ್ತುತ್ತದೆ, ಅವು ಲೈಮ್ ರೋಗವನ್ನು ಹರಡಬಲ್ಲವು; ಸಂಜೆ ಕಾಲು, ಮೊಣಕಾಲಿನ ಹಿಂಭಾಗಗಳನ್ನು ಒಮ್ಮೆ ನೋಡಿಕೊಳ್ಳಿ.

ಉತ್ತರ: ಗ್ಲಾಸ್ಟರ್‌ಷೈರಿನಿಂದ

ಉಳಿದ ಎರಡು ಪ್ರಶ್ನೆಗಳಿಗೆ. ಕಾಡುಹಂದಿಗಳು ಇರುವುದು ನಿಜ, ಇಂಗ್ಲೆಂಡಿನಲ್ಲಿಯೇ ಅವುಗಳ ಅತಿ ದೊಡ್ಡ ಸ್ವತಂತ್ರ ಸಂತತಿ ಇಲ್ಲಿದೆ. ಶತಮಾನಗಳ ಹಿಂದೆ ಅಳಿದುಹೋಗಿದ್ದ ಪ್ರಾಣಿ, ಸಾಕಣೆ ಕೇಂದ್ರಗಳಿಂದ ತಪ್ಪಿಸಿಕೊಂಡವುಗಳಿಂದಲೂ ಯಾರೋ ತಂದು ಬಿಟ್ಟವುಗಳಿಂದಲೂ ಸುಮಾರು 1990ರ ದಶಕದ ಕೊನೆಯಿಂದೀಚೆಗೆ ಮತ್ತೆ ನೆಲೆಯೂರಿತು. ಹಗಲಿನಲ್ಲಿ ನಿಮಗೆ ಕಾಣುವುದು ಹೆಚ್ಚಾಗಿ ಅವು ರಾತ್ರಿ ಮೂತಿಯಿಂದ ಉತ್ತು ಹೋದ ಹುಲ್ಲಿನ ಅಂಚುಗಳು ಮಾತ್ರ. ವಸಂತದಲ್ಲಿ ಮರಿಗಳೊಡನೆ ಇರುವ ತಾಯಿಹಂದಿ ಎದುರಾದರೆ ಸೈಕಲ್ ನಿಲ್ಲಿಸಿ, ಅದು ದಾಟಿ ಹೋಗುವವರೆಗೆ ದೂರವಿರಿ, ನಡುವೆ ನುಗ್ಗಬೇಡಿ. ನನ್ನ ಅನುಭವದಲ್ಲಿ ಸೈಕಲ್ಲಿಗೆ ಹೆಚ್ಚು ಅಡ್ಡಿ ಮಾಡುವುದು ಕುರಿಗಳು. ಇಲ್ಲಿನ ಕೆಲವು ಕುಟುಂಬಗಳು ಹಿಂದಿನಿಂದಲೂ ಕಾಡಿನಲ್ಲಿ ಕುರಿಗಳನ್ನು ಬಿಟ್ಟು ಮೇಯಿಸುತ್ತ ಬಂದಿವೆ, ಅವು ತಿರುವಿನ ಆಚೆ ರಸ್ತೆಯ ನಡುವೆಯೇ ಮಲಗಿರುತ್ತವೆ. ಇಳಿಜಾರಿನಲ್ಲಿ ಇದನ್ನು ನೆನಪಿಡಿ.

ಊಟದ ಚಿಂತೆ ಬೇಡ. ಕ್ಯಾನಪ್‌ನ ಸೈಕಲ್ ಕೇಂದ್ರ, ಸೈಮಂಡ್ಸ್ ಯಾಟ್ ಬಂಡೆ, ಟಿಂಟರ್ನ್‌ನ ಹಳೆಯ ರೈಲು ನಿಲ್ದಾಣ, ಈ ಮೂರೂ ಕಡೆ ಕೆಫೆಗಳಿವೆ. ಸಸ್ಯಾಹಾರಿಗಳಿಗೆ ಸಿಪ್ಪೆಸಮೇತ ಬೇಯಿಸಿದ ಆಲೂಗಡ್ಡೆಯ ಮೇಲೆ ಬೀನ್ಸ್, ಚೀಸ್ ಸ್ಯಾಂಡ್‌ವಿಚ್, ಸೂಪ್, ಕೇಕ್ ಇಷ್ಟಂತೂ ಸಿಗುತ್ತದೆ. ಆದರೆ ಮಧ್ಯಾಹ್ನ ನಾಲ್ಕರ ಮೇಲೆ ಯಾವುದನ್ನೂ ನಂಬಬೇಡಿ. ಚಪಾತಿ ಸುತ್ತಿ ತರುವುದು, ಚಿತ್ರಾನ್ನದ ಡಬ್ಬಿ ತರುವುದು ನಮ್ಮ ಗುಂಪಿನವರ ವಾಡಿಕೆ, ಕ್ಯಾನಪ್ ಕೆರೆಯ ಬಳಿ ಕುಳಿತು ತಿನ್ನಲು ಬೆಂಚುಗಳಿವೆ. ಬಿಸಿಲು ಜೋರಾದರೆ ವೈ ನದಿಗೆ ಇಳಿಯುವ ಆಸೆಯಾಗಬಹುದು. ಮೇಲ್ಭಾಗದ ಕೋಳಿ ಸಾಕಣೆ ಮತ್ತು ಹೊಲಗಳಿಂದ ಹರಿದುಬರುವ ರಂಜಕದ ಕಾರಣ ನದಿಯ ಆರೋಗ್ಯ ಕೆಟ್ಟಿದೆ. 2023ರಲ್ಲಿ ಸರ್ಕಾರದ ಪ್ರಕೃತಿ ಸಂರಕ್ಷಣಾ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್ ಅದರ ಸ್ಥಿತಿಯನ್ನು ಇಳಿಮುಖವೆಂದು ಗುರುತಿಸಿತು. ನಾನಾದರೆ ದಡದಲ್ಲಿಯೇ ಕೂರುತ್ತೇನೆ.

ಬ್ರಿಸ್ಟಲ್‌ನವರು ಎರಡನೆಯ ದಿನದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಅಲ್ಲಿ ಜಲ್ಲಿ ಕಡಿಮೆ. ಪ್ರವಾಸವನ್ನು ಚೆಪ್‌ಸ್ಟೋದಿಂದ ಆರಂಭಿಸಿ ಉತ್ತರಕ್ಕೆ ಹೋದರೆ ನೈಋತ್ಯದ ಗಾಳಿ ಬೆನ್ನಿಗೆ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಿದರೆ ಬ್ರಾಕ್‌ವಿಯರ್‌ನ ನದಿಮಟ್ಟದಿಂದ ಸೇಂಟ್ ಬ್ರೇವೆಲ್ಸ್‌ಗೆ ಇನ್ನೂರು ಮೀಟರಿನಷ್ಟು ಏರನ್ನು ಹತ್ತಬೇಕು, ಗಾಳಿಯ ಲಾಭವೆಲ್ಲ ಅಲ್ಲಿಯೇ ಕರಗುತ್ತದೆ. ಲಿಡ್ನಿಯಿಂದ ಹೊರಡುವುದೇ ಮೇಲು. ಎರಡನೆಯ ದಿನ ಮಳೆ ಹಿಡಿದರೆ ಮನ್ಮತ್‌ನಿಂದ ಪೆರೆಗ್ರಿನ್ ಹಾದಿಯಲ್ಲಿಯೇ ಹಿಂತಿರುಗಿ, ಅರಣ್ಯ ರಸ್ತೆಗಳ ಮೂಲಕ ಲಿಡ್ನಿಗೆ ಇಳಿಯಿರಿ. ಯಾಟ್ ಬಂಡೆಯ ಏರು ಕಷ್ಟವಾದರೂ ಉಳಿದದ್ದೆಲ್ಲ ಮರಗಳ ಆಸರೆಯಲ್ಲಿ ಸಾಗುತ್ತದೆ. ರೈಲಿನ ಬಗ್ಗೆ ಒಂದು ಮಾತು: ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬರುವ ದೂರದ ರೈಲುಗಳಲ್ಲಿ ಸೈಕಲ್ಲಿಗೆ ಮುಂಗಡವಾಗಿ ಜಾಗ ಕಾಯ್ದಿರಿಸುವುದು ಒಳ್ಳೆಯದು, ಗ್ಲಾಸ್ಟರ್ ಮತ್ತು ಚೆಪ್‌ಸ್ಟೋ ನಡುವಿನ ರೈಲುಗಳಲ್ಲಿ ಸೈಕಲ್ಲಿನ ಜಾಗವೇ ಬಹಳ ಕಡಿಮೆ. ಮೇ ತಿಂಗಳಿನ ಎರಡು ಬ್ಯಾಂಕ್ ರಜೆಗಳ (ಸಾರ್ವಜನಿಕ ರಜೆಗಳ) ವಾರಾಂತ್ಯವನ್ನು ಬಿಟ್ಟು ಬೇರೆ ದಿನ ಆರಿಸಿಕೊಂಡು, ಟಿಕೆಟಿನ ಜೊತೆಗೇ ಎರಡೂ ಸೈಕಲ್ಲುಗಳ ಜಾಗವನ್ನು ಕಾಯ್ದಿರಿಸಿ.